ಯಂಕಮ್ಮ ಮುಂಬಾಗಿಲಿನಿಂದ ಹೋದದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಯಂಕಮ್ಮ ತನ್ನ ಹೆಣ್ಣುಮಕ್ಕಳಿಬ್ಬರ ಮದುವೆ ಮಾಡಿ ನೋಡಿದ್ದಳು. ಮನೆಗಳನ್ನು ಮಾತ್ರ ಕಟ್ಟಿದ್ದಳೇ ಹೊರತು ನೋಡಿರಲಿಲ್ಲ.

ಜೋಗುಪಾಳ್ಯದ ವಠಾರದಲ್ಲಿ ನನ್ನ ಕೋಣೆಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ನಾನು ದಾವಣಗೆರೆ ಕಡೆಯವಳು, ಹಲಸೂರಿನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ಅವಳು ಯಾದಗಿರಿ ಕಡೆಯಿಂದ ಬಂದು ಗಾರೆ ಕೆಲಸದಲ್ಲಿ ಕೈಯಾಳಾಗಿದ್ದವಳು. ತೊಂಬತ್ತರ ಆ ದಶಕದಲ್ಲಿ ಇಂದಿರಾನಗರದಲ್ಲಿ ಹಳೆಯ ಹೆಂಚಿನ ಮನೆಗಳು ಉರುಳಿ ಎರಡಂತಸ್ತು, ಮೂರಂತಸ್ತು ಏಳುತ್ತಿದ್ದವು. ಅವುಗಳಲ್ಲಿ ಎಷ್ಟಕ್ಕೋ ಅವಳು ತಲೆಯ ಮೇಲೆ ಬಾಂಡ್ಲಿ ಹೊತ್ತು ಜಲ್ಲಿ, ಮರಳು, ಸಿಮೆಂಟು ಏರಿಸಿದ್ದಳು. ಗೃಹಪ್ರವೇಶದ ದಿನ ಕೆಲಸದವರಿಗೆ ಬೀದಿಯ ಶಾಮಿಯಾನದಲ್ಲಿ ಊಟ, ಒಂದು ಸೀರೆ. ಅವತ್ತು ಒಳಗೆ ಹಸು ಹೋಗುತ್ತಿತ್ತು, ಯಂಕಮ್ಮ ಹೋಗುತ್ತಿರಲಿಲ್ಲ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿದ್ದೇನೆ. ಅವಳಂತೂ ಸಿಟ್ಟು ಮಾಡಿಕೊಂಡವಳಲ್ಲ. ಸೀರೆ ಚೆನ್ನಾಗಿದೆಯೇ ಎಂದು ನನಗೆ ತೋರಿಸಿ ಕೇಳುತ್ತಿದ್ದಳು.

ಅವಳದ್ದು ಒಂದೇ ದೋಷ, ಬಡಾಯಿ. ಊರಿಗೆ ಹೋದಾಗಲೆಲ್ಲ ಬೆಂಗಳೂರಿನ ಬಂಗಲೆಗಳೆಲ್ಲ ತನ್ನವೇ ಎನ್ನುವಂತೆ ಮಾತಾಡಿ ಬರುತ್ತಿದ್ದಳು. ಸುಳ್ಳೇನಲ್ಲ, ಆದರೆ ಕೇಳುವವರು ಸುಮ್ಮನಿರಬೇಕಲ್ಲ. ಆ ವರ್ಷ ಶ್ರಾವಣದಲ್ಲಿ ಅವಳ ತಂಗಿ ಶರಣಮ್ಮ, "ನೀ ಕಟ್ಟಿದ್ದು ತೋರ್ಸು ನೋಡಮ್" ಎಂದು ರೈಲು ಹತ್ತಿ ಬಂದೇಬಿಟ್ಟಳು. ಬಾಯಿ ಅಂದರೆ ಅವಳ ಬಾಯಿ. ಬಂದ ದಿನವೇ ನಮ್ಮ ವಠಾರದ ನಲ್ಲಿಯ ಹತ್ತಿರ ದಿನವೂ ಜಗಳ ಕಾಯುತ್ತಿದ್ದ ಅಯ್ಯಮ್ಮನನ್ನೇ ಮಾತಿನಲ್ಲಿ ಮಣಿಸಿದಳು.

ಮರುದಿನ ಕೆಲಸ ಬಿಟ್ಟ ಮೇಲೆ ಯಂಕಮ್ಮ ತಂಗಿಯನ್ನು ಇಂದಿರಾನಗರಕ್ಕೆ ಕರೆದುಕೊಂಡು ಹೋದಳು. ಒಂದು ದೊಡ್ಡ ಮನೆಯ ಗೇಟಿನ ಮುಂದೆ ನಿಂತು, "ಅಲ್ಲಿ ಮ್ಯಾಲಿನ ಗಚ್ಚಿಗಿ ನಾನೇ ಕಾಂಕ್ರೀಟ್ ಹೊತ್ತೀನಿ" ಎಂದು ಬೆರಳು ತೋರಿಸುತ್ತಿದ್ದಾಗ ವಾಚ್‌ಮನ್ ಬಂದ. "ಇಲ್ಲಿ ಕೆಲ್ಸ ಇಲ್ಲಮ್ಮ, ಹೋಗಿ ಹೋಗಿ" ಎಂದ. ಇನ್ನೊಂದು ಮನೆಯಲ್ಲಿ ನಾಯಿ ಬೊಗಳಿತು. ಮೂರನೆಯ ಮನೆಗೆ ಅವರು ಹೋಗಲಿಲ್ಲ. ಶರಣಮ್ಮ ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲವಂತೆ. ಯಂಕಮ್ಮನಿಗೆ ಚುಚ್ಚಿದ್ದು ಅದೇ. ತಂಗಿ ಬೈದಿದ್ದರೆ ಎದುರು ಬೈದು ಹಗುರಾಗುತ್ತಿದ್ದಳು.

ಆ ರಾತ್ರಿ ಊಟವಾದ ಮೇಲೆ ಅವಳು ನನ್ನ ಬಾಗಿಲಿಗೆ ಬಂದು ನಿಂತಳು.

"ಅಕ್ಕೋರ, ನೀವು ವರ್ಷಾ ವರ್ಷಾ ಸಾಲಿ ಹುಡುಗ್ರನ್ನ ಕರಕೊಂಡು ಹೋಗ್ತೀರಲ್ಲ, ಆ ಕೆಂಪು ಬಂಗ್ಲೆ. ಕಲ್ಲಿನ ಬೊಂಬಿ, ಚಿತ್ರ ಎಲ್ಲ ಅದಾವ ಅಂದಿದ್ರಿ."

"ಮ್ಯೂಸಿಯಮ್ಮಾ? ಕಸ್ತೂರಬಾ ರಸ್ತೇದು?"

"ಹೂಂನ್ರಿ. ಅಲ್ಲಿ ಯಾರ್ ಬೇಕಾದ್ರೂ ಒಳಗ ಹೋಗಬೌದೇನ್ರಿ?"

"ಟಿಕೆಟ್ ತಗೊಂಡ್ರೆ ಆಯ್ತು ಯಂಕಮ್ಮ. ಯಾರು ಅಂತ ಕೇಳಲ್ಲ."

"ಮುಂದಿನ ಬಾಗ್ಲಿಂದ?"

"ಹಿಂದಿನ ಬಾಗ್ಲು ಎಲ್ಲಿದೆ ಅಂತ ನನಗೇ ಗೊತ್ತಿಲ್ಲ" ಎಂದೆ.

ಅವಳು ಹೊಸ್ತಿಲ ಮೇಲೆ ಕುಳಿತಳು. ತಂಗಿ ಊರಿಗೆ ಹೋಗುವುದರೊಳಗೆ ಅವಳನ್ನು ಒಂದು ದೊಡ್ಡ ಕಟ್ಟಡದೊಳಕ್ಕೆ ಮುಂಬಾಗಿಲಿನಿಂದ, ಯಾರೂ 'ಹೋಗು' ಅನ್ನದ ಹಾಗೆ, ಕರೆದುಕೊಂಡು ಹೋಗಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಚರ್ಚಿಗೆ ಹೋಗಬಹುದಲ್ಲ, ಶಿವಾಜಿನಗರದ್ದು ಎಷ್ಟು ಎತ್ತರ ಇದೆ ಎಂದೆ. ದೇವರ ಮನೆ ಲೆಕ್ಕಕ್ಕಿಲ್ಲವಂತೆ, ಅಲ್ಲಿಗೆ ಭಿಕ್ಷುಕರೂ ಹೋಗುತ್ತಾರಂತೆ.

ಸರಿ, ಪ್ಲಾನು ಶುರುವಾಯಿತು. ಅವಳಿಗೆ ಓದು ಬಾರದು. ಆದ್ದರಿಂದ ನೆಲದ ಮೇಲೆ ತರಕಾರಿ ಜೋಡಿಸಿದೆ. ದೊಡ್ಡ ಈರುಳ್ಳಿ ವಿಧಾನಸೌಧ, ಅದರೆದುರು ಟೊಮೆಟೊ ಕೆಂಪು ಹೈಕೋರ್ಟು, ಹಿಂದೆ ಕೊತ್ತಂಬರಿ ಕಟ್ಟು ಕಬ್ಬನ್ ಪಾರ್ಕು, ಪಾರ್ಕು ದಾಟಿದರೆ ಒಣಮೆಣಸಿನಕಾಯಿ, ಅದೇ ಮ್ಯೂಸಿಯಂ. ಪಕ್ಕದಲ್ಲೇ ಚಿತ್ರಶಾಲೆ, ಅದಕ್ಕೊಂದು ಬೆಳ್ಳುಳ್ಳಿ. ಅವಳು ಈರುಳ್ಳಿಯಿಂದ ಬೆಳ್ಳುಳ್ಳಿಯವರೆಗೆ ಬೆರಳಾಡಿಸಿ ಬಾಯಿಪಾಠ ಮಾಡಿದಳು. ಎಲ್ಲಿ ಬಸ್ಸಿಳಿಯಬೇಕು, ಎಲ್ಲಿ ರಸ್ತೆ ದಾಟಬೇಕು, ಎಲ್ಲಿ ಕುಳಿತು ರೊಟ್ಟಿ ತಿನ್ನಬೇಕು, ಎಲ್ಲ ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ವಿಧಾನಸೌಧ, ಹೈಕೋರ್ಟು ಎರಡೂ ನನ್ನ ಸಾರಿಗೆ ಹೋದವು.

ನಾನು ಶನಿವಾರ ನಾಮಕರಣವೊಂದಕ್ಕೆ ದಾವಣಗೆರೆಗೆ ಹೊರಟೆ. "ಭಾನುವಾರ ಹೋಗಿ ಬನ್ನಿ" ಎಂದೆ. ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ನಾನು ನಂಬಿದ್ದೆ.

ಸೋಮವಾರ ಸಂಜೆ ನಾನು ವಾಪಸ್ಸು ಬಂದಾಗ ವಠಾರದ ಜಗಲಿಯ ಮೇಲೆ ಶರಣಮ್ಮ ಕಾಲು ಚಾಚಿ ಕುಳಿತಿದ್ದಳು. ಒಳಗೆ ಯಂಕಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಅಕ್ಕೋರ" ಎಂದಳು ಶರಣಮ್ಮ. "ನಮ್ಮಕ್ಕ ಇವತ್ತ ಬೆಂಗ್ಳೂರು ತೋರ್ಸಿದ್ಲು. ವಿಧಾನಸೌಧ ಹೊರಗಿಂದ, ಕೋರ್ಟು ಹೊರಗಿಂದ, ನಿಮ್ಮ ಕೆಂಪು ಬಂಗ್ಲೆ ಗೇಟಿನ ಹೊರಗಿಂದ. ಬೊಂಬಿಗೂ ಇವತ್ತ ರಜಾ ಅಂತ್ರಿ, ನಮ್ಮ ಎತ್ತಿಗಿ ಇದ್ದಂಗ!"

ಮ್ಯೂಸಿಯಮ್ಮಿಗೆ ಸೋಮವಾರ ರಜೆ. ನಮ್ಮ ಶಾಲೆಯ ಚಿಳ್ಳೆಪಿಳ್ಳೆಗಳಿಗೂ ಗೊತ್ತು. ಆದರೆ ಯಂಕಮ್ಮನ ಊರಿನ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವಳ ಮೇಸ್ತ್ರಿ ಮಲ್ಲಪ್ಪನೂ ಅದೇ ಕಡೆಯವನು. ಶ್ರಾವಣ ಸೋಮವಾರ ಬಂದರೆ ಬೆಂಗಳೂರಿನಲ್ಲೂ ಆಳುಗಳಿಗೆ ರಜೆ ಕೊಡುತ್ತಿದ್ದ. ಭಾನುವಾರ ಹೋದರೆ ಊರ ಜನವೆಲ್ಲ ಅಲ್ಲೇ ಮುಗಿಬಿದ್ದಿರುತ್ತದೆ, ಸೋಮವಾರವಾದರೆ ಎತ್ತಿಗೂ ತಮಗೂ ಬಿಡುವು, ಸರ್ಕಾರಕ್ಕೆ ಮಾತ್ರ ಕೆಲಸ, ಬಾಗಿಲು ತೆರೆದೇ ಇರುತ್ತದೆ ಎಂದು ಅವಳ ಲೆಕ್ಕ. ಆ ಲೆಕ್ಕದಲ್ಲಿ ನನಗಂತೂ ಯಾವ ತಪ್ಪೂ ಕಾಣಲಿಲ್ಲ. ತಪ್ಪಿದ್ದರೆ ಅದು ಎತ್ತಿನ ರಜೆಯನ್ನು ಬೊಂಬೆಗಳಿಗೆ ಕೊಟ್ಟವರದ್ದು.

ಮಂಗಳವಾರ ರಾತ್ರಿಯ ರೈಲಿಗೆ ಶರಣಮ್ಮ ಹೊರಡುವವಳು. ಮಂಗಳವಾರ ಹೊರಡಬಾರದು, ಇನ್ನೊಂದು ದಿನ ಇರು ಎಂದರೆ, ಮನೆಯಲ್ಲಿ ಎಮ್ಮೆ ಈಯುವುದರಲ್ಲಿದೆ, ಅದಕ್ಕೆ ವಾರ ಗೊತ್ತಿಲ್ಲ ಎಂದಳು. ಹಾಗಾದರೆ ನಾಳೆ ಕೆಲಸಕ್ಕೆ ಚಕ್ಕರ್ ಹೊಡೆದು ಕರೆದುಕೊಂಡು ಹೋಗು ಎಂದು ನಾನು ಯಂಕಮ್ಮನಿಗೆ ಹೇಳಿದೆ. ರೊಟ್ಟಿ ಬಡಿಯುವ ಸದ್ದು ನಿಂತಿತು.

"ನಾಳೆ ಮೋಲ್ಡ್ ಐತ್ರಿ ಅಕ್ಕೋರ."

ಮೋಲ್ಡ್ ಅಂದರೆ ಮನೆಯ ತಾರಸಿಗೆ ಕಾಂಕ್ರೀಟು ಹಾಕುವ ದಿನ. ಶುರು ಮಾಡಿದರೆ ಮುಗಿಯುವವರೆಗೆ ನಿಲ್ಲಿಸುವ ಹಾಗಿಲ್ಲ. ಮಂಗಳವಾರ ಬೇಡವೆಂದು ಮಲ್ಲಪ್ಪ ಗೊಣಗಿದ್ದನಂತೆ. ಮಿಕ್ಸರು ಸಿಗುವ ದಿನವೇ ಶುಭದಿನ ಎಂದು ಮನೆಯ ಯಜಮಾನರು ಬಾಯಿ ಮುಚ್ಚಿಸಿದ್ದರಂತೆ.

"ಒಬ್ಬಳು ಇಲ್ಲದಿದ್ರೆ ಮನೆ ಬಿದ್ದೋಗುತ್ತಾ?" ನನಗೆ ರೇಗಿತು. "ಅವ್ರು ನಿನ್ನ ಒಳಗೂ ಬಿಡಲ್ಲ. ಅವ್ರ ತಾರಸಿಗೆ ನೀನ್ಯಾಕೆ ಸಾಯ್ತೀಯ?"

"ಯಜಮಾನ್ರ ಸಲುವಾಗಿ ಅಲ್ರಿ. ಹೆಣ್ಮಕ್ಕಳದು ಸಾಲು ಇರ್ತೈತಿ. ಒಬ್ಬಾಕಿ ಬಿಟ್ರ ಆಕಿ ಭಾರ ಹಿಂದಿನಾಕಿ ತಲಿ ಮ್ಯಾಲ ಬೀಳ್ತೈತಿ. ನಾ ಯಾವತ್ತೂ ಮೋಲ್ಡ್ ಬಿಟ್ಟಿಲ್ರಿ." ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು ಅವಳೇ ಮತ್ತೆ ಅಂದಳು, "ನೀವು ಸಾಲಿ ಬಿಟ್ಟ ಮ್ಯಾಲ ತಂಗಿನ್ನ ಕರಕೊಂಡು ಅಲ್ಲೇ ಗೇಟಿನ ಹತ್ರ ನಿಂದರ್ರಿ. ಮೋಲ್ಡ್ ಮುಗಿಸಿ ಬರ್ತೀನಿ."

ನನ್ನ ಸಿಟ್ಟು ಇಳಿದು ಹೋಯಿತು. ಅವಳನ್ನು ಮೆಚ್ಚದೆ ಬೇರೆ ದಾರಿಯೇ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ನಾನು, ಶರಣಮ್ಮ, ಶರಣಮ್ಮನ ಗಂಟುಮೂಟೆ, ಮೂವರೂ ಕಸ್ತೂರಬಾ ರಸ್ತೆಯ ಗೇಟಿನಲ್ಲಿ ನಿಂತೆವು. ಕೆಂಪು ಗೋಡೆ, ಎತ್ತರದ ಬಿಳಿ ಕಂಬಗಳು. ನಾನು ಎಷ್ಟೋ ಸಲ ಬಂದಿದ್ದೇನೆ, ಹುಡುಗರ ತಲೆ ಎಣಿಸುವುದರಲ್ಲಿ ಕಟ್ಟಡವನ್ನು ತಲೆಯೆತ್ತಿ ನೋಡಿರಲಿಲ್ಲ. ಅವತ್ತು ನೋಡಲು ಬೇಕಾದಷ್ಟು ಹೊತ್ತಿತ್ತು. ಜನ ಒಳಗೆ ಹೋದರು, ನೋಡಿ ಹೊರಗೂ ಬಂದರು. ನೆರಳು ರಸ್ತೆ ದಾಟಿತು. ಇನ್ನು ಸ್ವಲ್ಪ ಹೊತ್ತಿಗೆ ಟಿಕೆಟ್ ನಿಲ್ಲಿಸುತ್ತೇವೆ ಎಂದು ಕೌಂಟರಿನವರು ಹೇಳಿದರು.

"ಬರಂಗಿಲ್ಲ ಬಿಡ್ರಿ ಆಕಿ" ಎಂದಳು ಶರಣಮ್ಮ. "ನೀವಾದ್ರೂ ಒಳಗ ಕರಕೊಂಡು ಹೋಗ್ರಿ."

"ನಿಮ್ಮಕ್ಕ ಬರ್ತೀನಿ ಅಂದಿದಾಳೆ, ಬರ್ತಾಳೆ" ಎಂದೆ. ಹೇಳಿದ್ದು ಗಟ್ಟಿಯಾಗಿಯೇ, ಕಣ್ಣು ಮಾತ್ರ ಟಿಕೆಟ್ ಕೌಂಟರಿನ ಮೇಲಿತ್ತು.

ಆಗ ಕಾಂಕ್ರೀಟು ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ಒಂದು ಟೆಂಪೋ ತಡಬಡ ಸದ್ದು ಮಾಡುತ್ತಾ ಬಂದು ಗೇಟಿನ ಪಕ್ಕ ನಿಂತಿತು. ಡ್ರೈವರ್ ಪಕ್ಕದ ಸೀಟಿನಿಂದ ಯಂಕಮ್ಮ ಇಳಿದಳು. ಸೀರೆಯ ತುಂಬ ಸಿಮೆಂಟಿನ ಸಿಡಿತ, ಹುಬ್ಬೆಲ್ಲ ಬೂದಿ ಬಣ್ಣ, ತಲೆಯ ಮೇಲೆ ಬಾಂಡ್ಲಿ ಕೂರಿಸುವ ಬಟ್ಟೆಯ ಸಿಂಬೆ ಹಾಗೇ ಇತ್ತು. ಅದನ್ನು ತೆಗೆಯುವುದೂ ಮರೆತುಹೋಗಿತ್ತು.

"ಮುಗೀತಾ?" ಎಂದೆ.

"ಮುಗೀತ್ರಿ. ಯಜಮಾನ್ರು ಕೊಟ್ಟ ಊಟಾ ಬಿಟ್ಟು ಬಂದೀನಿ." ಸಿಂಬೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಟಿಕೆಟ್ಟಿನ ದುಡ್ಡು ನಾನು ಕೊಡುತ್ತೇನೆಂದರೆ ಕೇಳಲಿಲ್ಲ. ತಾನೇ ಕೊಟ್ಟು, ಮೂರೂ ಟಿಕೆಟ್ಟನ್ನು ತನ್ನ ಕೈಯಲ್ಲೇ ಹಿಡಿದುಕೊಂಡಳು. ಬಾಗಿಲ ಬಳಿ ಚಪ್ಪಲಿ ಬಿಟ್ಟಳು. "ಚಪ್ಲಿ ಹಾಕೊಂಡೇ ಹೋಗ್ಬೋದಮ್ಮ" ಎಂದ ಅಲ್ಲಿದ್ದ ವಯಸ್ಸಾದ ಗಾರ್ಡು. "ಇಷ್ಟು ನುಣ್ಣನ ನೆಲಾ, ಎಷ್ಟು ಕೈ ತಿಕ್ಕಿರಬೇಕು. ಚಪ್ಲಿ ಹಾಕ್ಕೊಂಡು ಹ್ಯಾಂಗ ತುಳೀಲಿ?" ಎಂದಳು ಯಂಕಮ್ಮ. ಗಾರ್ಡು ನಕ್ಕು, ಚಪ್ಪಲಿಗಳನ್ನು ತನ್ನ ಸ್ಟೂಲಿನ ಕೆಳಗೆ ಇಟ್ಟುಕೊಂಡ. ಆ ಮನುಷ್ಯನ ಹೆಸರು ಕೇಳಬೇಕಿತ್ತು ನಾನು.

ಮುಂಬಾಗಿಲಿನಿಂದ ಒಳಗೆ ಹೋದೆವು. ಯಾರೂ ಹೋಗು ಅನ್ನಲಿಲ್ಲ. ಆದರೂ ಯಂಕಮ್ಮ ಪ್ರತಿ ಕೋಣೆಯ ಬಾಗಿಲಲ್ಲೂ, ಯಾರು ಕಂಡರೂ, ಕೇಳುವ ಮೊದಲೇ ಟಿಕೆಟ್ ಮುಂದೆ ಹಿಡಿಯುತ್ತಿದ್ದಳು. ಒಬ್ಬ ಪ್ರವಾಸಿಗೂ ತೋರಿಸಿದಳು. ಅವನು ಗಾಬರಿಯಾಗಿ ತನ್ನದನ್ನೂ ತೆಗೆದು ತೋರಿಸಿದ. ನನಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು.

ಕಲ್ಲಿನ ವಿಗ್ರಹಗಳ ಮುಂದೆ ಶರಣಮ್ಮ ಕೈ ಮುಗಿಯುತ್ತಾ ಹೋದಳು. ಯಂಕಮ್ಮ ಮಾತ್ರ ವಿಗ್ರಹ ನೋಡಿ, ಆಮೇಲೆ ತಲೆಯೆತ್ತಿ ಚಾವಣಿ ನೋಡುತ್ತಿದ್ದಳು. ಯುದ್ಧದಲ್ಲಿ ಆನೆ, ಕುದುರೆ, ಬಿದ್ದ ಕಾಲಾಳುಗಳನ್ನು ಕೆತ್ತಿದ ದೊಡ್ಡ ವೀರಗಲ್ಲಿನ ಮುಂದೆ ಬಹಳ ಹೊತ್ತು ನಿಂತಳು. "ಸತ್ತವನ ಹೆಸರು ಬರದಾರೇನ್ರಿ?" ಎಂದು ಕೇಳಿದಳು. ಬರೆದಿದ್ದಾರೆ ಎಂದೆ. "ಕೆತ್ತಿದವಂದು?" ಎಂದಳು. ಗೊತ್ತಿಲ್ಲ ಎಂದೆ. "ಇರ್ಲಿ ಬಿಡ್ರಿ, ಕೆಲಸ ನಿಂತೈತಲ್ಲ" ಎಂದು ಮುಂದೆ ನಡೆದಳು. ಶರಣಮ್ಮನ ಬಾಯಿ ಆಗಲೇ ಮೆತ್ತಗಾಗಿತ್ತು. ಅಕ್ಕನ ಸೆರಗಿಗೆ ಹತ್ತಿದ್ದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಾ ಹಿಂದೆ ಬರುತ್ತಿದ್ದಳು.

ಪಕ್ಕದ ಚಿತ್ರಶಾಲೆಗೆ ಹೊತ್ತು ಉಳಿದಿರಲಿಲ್ಲ, ಇಲ್ಲೂ ಮೇಲಿನ ಮಹಡಿಯಲ್ಲಿ ಚಿತ್ರಗಳಿವೆ ಎಂದೆ. ಯಂಕಮ್ಮ ಮೊದಲು ಹೊರಟಳು, ಹಿಂದೆ ತಂಗಿ, ಅವಳ ಹಿಂದೆ ನಾನು. ಅಗಲವಾದ ಮೆಟ್ಟಿಲು. ಯಂಕಮ್ಮ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಅವಳ ಬಲಗೈ ತಾನಾಗಿ ಮೇಲೆದ್ದಿತು. ಕುತ್ತಿಗೆ ಬಿಗಿಯಾಯಿತು, ಬೆನ್ನು ನೆಟ್ಟಗಾಯಿತು. ತಲೆಯ ಮೇಲೆ ಇಲ್ಲದ ಬಾಂಡ್ಲಿಯ ಅಂಚನ್ನು ಹಿಡಿದುಕೊಂಡು, ಕಣ್ಣು ನೇರ ಮುಂದೆ ನೆಟ್ಟು, ಒಂದೊಂದೇ ಮೆಟ್ಟಿಲನ್ನು ಕಾಲಿನಿಂದಲೇ ತಡಕುತ್ತಾ ಹತ್ತತೊಡಗಿದಳು. ಅವಳಿಗೆ ಅದು ಗೊತ್ತೇ ಇರಲಿಲ್ಲ.

ಶರಣಮ್ಮ ನಿಂತುಬಿಟ್ಟಳು. ಅಕ್ಕ ಬೆಂಗಳೂರಿನಲ್ಲಿ ಏನು ಕಟ್ಟಿದ್ದಾಳೆಂದು ನೋಡಲು ಬಂದವಳಿಗೆ ಈಗ ಅದು ಕಂಡಿತು. ಏನೋ ಚುಚ್ಚುಮಾತು ಬರಬಹುದೆಂದು ನಾನು ಹೆದರಿದೆ. ಅವಳು ಗಂಟನ್ನು ನನ್ನ ಕೈಗೆ ತುರುಕಿ, ಸರಸರ ಹತ್ತಿ, ಮೇಲೆದ್ದಿದ್ದ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಇಳಸಕ್ಕಾ" ಎಂದಳು. "ಏನೂ ಹೊತ್ತಿಲ್ಲ ನೀನು."

ಯಂಕಮ್ಮ ತಂಗಿಯ ಕೈಯಲ್ಲಿದ್ದ ತನ್ನ ಕೈಯನ್ನು ನೋಡಿದಳು, ತಲೆ ಮುಟ್ಟಿ ನೋಡಿಕೊಂಡಳು, ನಾಚಿ ನಕ್ಕಳು. ಅಕ್ಕತಂಗಿಯರು ಕೈ ಬಿಡದೆ ಉಳಿದ ಮೆಟ್ಟಿಲುಗಳನ್ನು ಹತ್ತಿದರು. ಮೇಲೆ ಚಿತ್ರಗಳು ಕಾಯುತ್ತಿದ್ದವು. ಯಂಕಮ್ಮ ಅತ್ತ ಹೋಗಲಿಲ್ಲ. ತಿರುಗಿ ನಿಂತು, ತಾನು ಹತ್ತಿ ಬಂದ ಮೆಟ್ಟಿಲುಗಳನ್ನೇ ಕೆಳಗಿನವರೆಗೂ ನೋಡಿದಳು.

"ಇಷ್ಟು ಹಗೂರ ಇರ್ತಾವೇನ ಮೆಟ್ಲ!" ಎಂದಳು.