ವಿಷ ಸಾಕಿದ ಕೈ

ನಮ್ಮಕ್ಕ ಇಪ್ಪತ್ತೆರಡು ವರ್ಷದಿಂದ ವಿಷ ಸಾಕುತ್ತಿದ್ದಾಳೆ. ಹೌದು, ಸಂಬಳಕ್ಕೇ. ಕಡಲ ಸಂಶೋಧನಾಲಯದ ತಣ್ಣನೆಯ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಸಾಲು ಸಾಲು ಗಾಜಿನ ಫ್ಲಾಸ್ಕುಗಳು. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಅದನ್ನು ತಿಂದ ಚಿಪ್ಪುಮೀನನ್ನು ಮನುಷ್ಯ ತಿಂದರೆ ಮೊದಲು ತುಟಿ ಜೋಮು ಹಿಡಿಯುತ್ತದೆ, ಆಮೇಲೆ ಉಸಿರೇ ನಿಲ್ಲಬಹುದು. ಹದಿನೈದು ದಿನಕ್ಕೊಮ್ಮೆ ಹಳೆಯ ಫ್ಲಾಸ್ಕಿನಿಂದ ನಾಲ್ಕು ಹನಿ ತೆಗೆದು ಹೊಸ ನೀರಿಗೆ ಬಿಡುವುದು ಅವಳ ಕೆಲಸ. ತಪ್ಪಿದರೆ ಆ ವಂಶ ಅಲ್ಲಿಗೇ ಮುಗಿಯಿತು. ನನ್ನ ಮದುವೆಯ ದಿನವೂ ಬೆಳಿಗ್ಗೆ ಹೋಗಿ ಹನಿ ಬಿಟ್ಟು ಬಂದವಳು. ಆ ಸಿಟ್ಟು ನನಗಿನ್ನೂ ಇದೆ.

ಒಂದು ಹೋದರೆ ಇನ್ನೊಂದಿರಲಿ ಅಂತ ಪ್ರತಿ ವಂಶಕ್ಕೂ ಎರಡೆರಡು ಫ್ಲಾಸ್ಕು. ಹೋದ ವರ್ಷ ಅಂಥದ್ದೊಂದು ಜೋಡಿಯಲ್ಲಿ ಒಂದರಲ್ಲಿ ವಿಷವೇ ಇಲ್ಲ ಅಂತ ಪರೀಕ್ಷೆಯಲ್ಲಿ ಬಂತು. ಪಕ್ಕದ ಕಪಾಟಿನಲ್ಲಿ ವಿಷವಿಲ್ಲದ ಪಾಚಿಯೂ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ದೊಡ್ಡ ಸಾಹೇಬರು ಹಿಂದುಮುಂದು ನೋಡದೆ, ಎಲ್ಲರೆದುರು, "ಅದಲುಬದಲು ಮಾಡಿದ್ದೀರಿ. ನಿಮಗೂ ವಯಸ್ಸಾಯ್ತು ಬಿಡಿ," ಅಂದರಂತೆ. ಅವಳಿಗಿನ್ನೂ ಐವತ್ತೊಂದು! ನಾನಾಗಿದ್ದರೆ ಫ್ಲಾಸ್ಕನ್ನು ಅವರ ಮೇಜಿನ ಮೇಲೆ ಕುಕ್ಕಿ ಬರುತ್ತಿದ್ದೆ. ಅಕ್ಕ ಫ್ಲಾಸ್ಕಿನ ಮೇಲಿನ ಚೀಟಿಯನ್ನು ಮತ್ತೆ ಮತ್ತೆ ಓದಿದಳಂತೆ.

ಪಾಚಿಯ ಜೀನುಗಳನ್ನು ಓದಿಸಲು ಬೇರೆ ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶಕ್ಕೆ ನಲವತ್ತು ದಿನ. ತಪ್ಪು ಸಾಬೀತಾದರೆ ಅಕ್ಕನಿಗೆ ಆ ಕೋಣೆಯಿಂದ ಎತ್ತಂಗಡಿ. ಅಷ್ಟರಲ್ಲಿ ಅವಳು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು: ಉಪ್ಪು, ಸಕ್ಕರೆ. ಬೀಗ ಹಾಕಿ ಬೀದಿಗಿಳಿದವಳು ಮತ್ತೆ ಮೆಟ್ಟಿಲು ಹತ್ತಿ ಬಂದು ಬೀಗ ಜಗ್ಗಿ ನೋಡುತ್ತಿದ್ದಳು.

"ಸಕ್ಕರೆ ಯಾವುದು ಅಂತ ನಾಲಿಗೆ ಹೇಳಲ್ವೇನೇ?" ಅಂತ ರೇಗಿಸಿದೆ.

"ಕೈ ಮೇಲೆ ನಂಬಿಕೆ ಹೋಗಿದೆ ಕಣೇ," ಅಂದಳು.

ಮೂವತ್ತೆಂಟನೆಯ ದಿನ, ನನಗೂ ಹೇಳದೆ, ಸಾಹೇಬರಿಗೆ ಬರೆದುಕೊಟ್ಟಳು: ತಪ್ಪು ನನ್ನದೇ, ಈ ಕೆಲಸದಿಂದ ನನ್ನನ್ನು ಬಿಡಿಸಿ.

ಎರಡು ದಿನಕ್ಕೆ ಫಲಿತಾಂಶ ಬಂತು. ಅದಲುಬದಲಾಗಿರಲೇ ಇಲ್ಲ. ಅದೇ ವಂಶ, ಅದೇ ಗುರುತು. ವಿಷ ಮಾಡುವ ಜೀನುಗಳೂ ಇದ್ದವು. ಅವುಗಳಲ್ಲೊಂದು ಮಾತ್ರ ಸಾವಿರಾರು ತಲೆಮಾರುಗಳ ನಡುವೆ ಎಲ್ಲೋ ತನ್ನಷ್ಟಕ್ಕೆ ತಾನೇ ಕೆಟ್ಟು, ವಿಷದ ಕೆಲಸ ಅರ್ಧಕ್ಕೇ ನಿಂತಿತ್ತು. ಸಾಹೇಬರಿಗೆ ಹಿಗ್ಗೋ ಹಿಗ್ಗು. ಒಂದೇ ವಂಶದ ಎರಡು ಫ್ಲಾಸ್ಕು: ವಿಷವಿರುವ ಅಕ್ಕ, ವಿಷವಿಲ್ಲದ ತಂಗಿ. ಪಕ್ಕಪಕ್ಕ ಇಟ್ಟು ಹೋಲಿಸಿದರೆ ಯಾವ ಜೀನು ಏನು ಮಾಡುತ್ತದೆ ಅನ್ನುವ ಗುಟ್ಟು ಸಿಗುತ್ತದಂತೆ. ನಮ್ಮ ಮನೆಯಲ್ಲಿ ಇದು ತಿರುಗುಮುರುಗು, ವಿಷ ಕಾರುವವಳು ನಾನು.

ಎಲ್ಲರನ್ನೂ ಕರೆಸಿ ಸಾಹೇಬರು, "ತಪ್ಪು ನನ್ನದಮ್ಮ," ಅಂದು ಅವಳ ಕಾಗದ ವಾಪಸು ಕೊಟ್ಟರಂತೆ. ಪರವಾಗಿಲ್ಲ, ಅವರೂ ಮನುಷ್ಯರೇ.

"ಹರಿದು ಬಿಸಾಕು ಅತ್ಲಾಗೆ!" ಅಂದೆ ನಾನು.

ಅಕ್ಕ ಕಾಗದ ಬಿಡಿಸಿ ತನ್ನ ಸಹಿಯ ಮೇಲೆ ಬೆರಳಿಟ್ಟಳು.

"ಅವರು ಅನುಮಾನ ಪಟ್ಟಿದ್ದು ಬಿಡು. ಅವರೇನು ದಿನಾ ನನ್ನ ಕೈ ನೋಡ್ತಿದ್ರಾ? ನೋಡ್ತಿದ್ದವಳು ನಾನು ಕಣೇ. ನಾನೇ ಅದನ್ನ ನಂಬದೆ ಸಹಿ ಹಾಕ್ಬಿಟ್ಟೆ."

ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ಆ ನಲವತ್ತು ದಿನದಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ.