ಮುಟ್ಟಿ ನೋಡು

ಸತ್ತವರ ದನಿ ಕೇಳಿಸಿತೆಂದು ಯಾರಾದರೂ ಹೇಳಿದರೆ ನಾನು ಮಾತು ಬದಲಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಅಪ್ಪ ಹೊನ್ನಾವರದಲ್ಲಿ ಮೀನಿನ ದೋಣಿ ನಡೆಸುತ್ತಿದ್ದರು. ಸಮುದ್ರದಿಂದ ಶರಾವತಿಯ ಅಳಿವೆಗೆ ಬರುವಲ್ಲಿ ಅಲೆ ಜೋರು, ಮರಳಿನ ದಿಬ್ಬ ಬೇರೆ. ಅದನ್ನು ದಾಟುವ ಮೊದಲು ಅವರು ಎಂಜಿನ್, ಚುಕ್ಕಾಣಿ, ಹಗ್ಗ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡುತ್ತಿದ್ದರು. ಚಿಕ್ಕವಳಾಗಿದ್ದ ನಾನು ಕುಳಿತಲ್ಲಿಂದಲೇ "ಎಲ್ಲಾ ಸರಿ ಅದೆ" ಎಂದರೆ, "ಬರೀ ಬಾಯಲ್ಲಿ ಹೇಳ್ಬೇಡ ತಂಗಿ, ಮುಟ್ಟಿ ನೋಡು" ಎನ್ನುತ್ತಿದ್ದರು. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುವುದು.

ನಾನು ದೂರದ ಊರಿನಲ್ಲಿ ಸಣ್ಣ ವಿಮಾನ ಹಾರಿಸಲು ಕಲಿಯುತ್ತಿದ್ದಾಗ ಅವರು ತೀರಿಕೊಂಡರು. ಕೊನೆಗೆ ಉಸಿರು ಸಿಗದೆ ಮಾತೇ ಆಡಲಾಗಲಿಲ್ಲವಂತೆ. ನಾನು ಕುಮಟಾ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತರಬೇತಿಗೆ ಮರಳಿದ ಮೇಲೆ ಒಂದು ಸಂಜೆ, ಇಳಿಯುವ ಮುಂಚಿನ ತಪಾಸಣೆಯನ್ನು ಎಂದಿನಂತೆ ಗಟ್ಟಿಯಾಗಿ ಹೇಳುತ್ತಿದ್ದೆ. ಬ್ರೇಕ್, ಇಂಧನ, ಚಕ್ರ, ಬೆಲ್ಟ್. ಆ ವಿಮಾನದ ಚಕ್ರಗಳು ಹಾರುವಾಗ ಒಳಗೆ ಮಡಚಿಕೊಂಡಿರುತ್ತವೆ. ಒಂದು ಹಿಡಿಕೆಯನ್ನು ಕೆಳಗೆ ತಳ್ಳಿ ಇಳಿಸಬೇಕು. "ಚಕ್ರ ಇಳಿದಿದೆ" ಎಂದು ಹೇಳಿಯೂ ಆಗಿತ್ತು. ಅಷ್ಟರಲ್ಲಿ ರನ್‌ವೇ ಮೇಲೆ ಹದ್ದುಗಳು ಕಂಡವು. ನಾನೂ ಪಕ್ಕದಲ್ಲಿದ್ದ ತರಬೇತುದಾರರೂ ಅವನ್ನೇ ನೋಡುತ್ತಿದ್ದೆವು.

ಆಗ ಬೆನ್ನ ಹಿಂದಿನಿಂದ ಅಪ್ಪನ ದನಿ: "ತಂಗಿ, ಮುಟ್ಟಿ ನೋಡು."

ಕೈ ಹಿಡಿಕೆಗೆ ಹೋಯಿತು. ಅದು ಮೇಲೆಯೇ ಇತ್ತು. ಕೆಳಗೆ ತಳ್ಳಿದೆ. ಚಕ್ರ ಇಳಿದದ್ದನ್ನು ತೋರಿಸುವ ಹಸಿರು ದೀಪಗಳು ಹತ್ತಿದವು. ಸುಖವಾಗಿ ಇಳಿದೆವು.

ದುಃಖದಲ್ಲಿ ಕಿವಿಗೆ ಹಾಗನ್ನಿಸಿತು ಎಂದು ಸುಮ್ಮನಾಗುತ್ತಿದ್ದೆನೇನೋ. ಆದರೆ ಎಂಜಿನ್ ನಿಂತ ಮೇಲೆ, ಕನ್ನಡದ ಒಂದಕ್ಷರವೂ ಬಾರದ ತರಬೇತುದಾರರು ಹಿಂದಿಯಲ್ಲಿ ಕೇಳಿದರು: "ಆಗ ನಿನ್ನ ಭಾಷೆಯಲ್ಲಿ ಏನೋ ಅಂದೆಯಲ್ಲ, 'ತಂಗಿ' ಅಂದರೇನು?"

ನಾನು ಬಾಯಿ ತೆರೆದಿರಲಿಲ್ಲ.

ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. "ಭಟ್ಕಳದ ಬಸ್ಸಲ್ಲೇ ವಾಂತಿ ಮಾಡ್ಕಂತಿದ್ರು, ವಿಮಾನ ಹತ್ತುಕೆ ಬಂದ್ರಾ ಅವ್ರು?" ಎಂದು ನಕ್ಕರು. ಅಪ್ಪ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆಮೇಲೆ ಮೆಲ್ಲಗೆ ಕೇಳಿದರು, "ದನಿ ಹ್ಯಾಂಗಿತ್ತು? ದಮ್ಮು ಕಟ್ಟಿರಲಿಲ್ಲ ಅಲಾ?"

"ಇಲ್ಲ ಅಮ್ಮ. ದೋಣಿಲಿ ಕೂಗ್ತಿದ್ದ ಹಾಂಗೇ ಇತ್ತು."

"ಹಂಗಾರೆ ಆತು."

ಆ ದನಿ ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅಂದು ಅಮ್ಮ ಹೊಟ್ಟೆ ತುಂಬ ಉಂಡರು. ನಾನೂ ಉಂಡೆ.