ರುಚಿ ನೋಡಿದ್ದರ ಡಬ್ಬಿ

ತುರ್ಭೆಯ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಡುಗೆ ಮಾಡುವ ದಯಾನಂದ ತೊಂಬತ್ತಾರು ಕಿಲೋ ತೂಗುತ್ತಿದ್ದ. ಡಾಕ್ಟರು ಹೇಳಿದರೆಂದು ರಾತ್ರಿಯ ಅನ್ನ ಬಿಟ್ಟ. ಡ್ಯೂಟಿ ಮುಗಿಸಿ ಖಾರಘರದ ಮನೆಗೆ ಬಂದವನು ದಿನಾ ಸಂಜೆ ಗುಡ್ಡದ ಬುಡದವರೆಗೆ ಬಿರುಸಾಗಿ ನಡೆದ. ಎರಡು ತಿಂಗಳಾದರೂ ತೂಕ ಜಪ್ಪಯ್ಯ ಎಂದರೂ ಇಳಿಯಲಿಲ್ಲ.

"ಹೋಟೆಲಲ್ಲಿ ಏನು ತಿಂತೀರಿ?" ಹೆಂಡತಿ ಹರಿಣಾಕ್ಷಿ ಕೇಳಿದಳು.

"ಏನೂ ಇಲ್ಲ ಮಾರಾಯ್ತಿ. ರುಚಿ ನೋಡುದು, ಅಷ್ಟೆ. ರುಚಿ ನೋಡಿದ್ರೆ ತಿಂದ ಹಾಗಾ?"

ಮರುದಿನ ಅವಳು ಖಾಲಿ ಸ್ಟೀಲ್ ಡಬ್ಬಿಯೊಂದನ್ನು ಕೊಟ್ಟು, ರುಚಿ ನೋಡಿದಾಗಲೆಲ್ಲ ಅಷ್ಟನ್ನೇ ಇದಕ್ಕೂ ಹಾಕಿ ಎಂದಳು. ದಯಾನಂದ ನಗುತ್ತಲೇ ಹಾಕುತ್ತ ಹೋದ. ಸಾಂಬಾರಿನ ಉಪ್ಪು ನೋಡಲು ಅರ್ಧ ಇಡ್ಲಿಯ ಮೇಲೆ ಒಂದು ಸೌಟು, ಗರಿಗರಿಯಾಯಿತೇ ಎಂದು ವಡೆಯ ತುಂಡು, ತುಪ್ಪ ಸಾಕೇ ಎಂದು ದೊಡ್ಡ ಚಮಚೆಯಲ್ಲಿ ಶಿರಾ. ಮಧ್ಯಾಹ್ನಕ್ಕೇ ಡಬ್ಬಿಯ ಮುಚ್ಚಳ ಕೂರಲಿಲ್ಲ.

ಸಂಜೆ ಹರಿಣಾಕ್ಷಿ ಅದನ್ನು ತಟ್ಟೆಗೆ ಸುರಿದಳು. ಇಬ್ಬರ ಊಟಕ್ಕಾಗುವಷ್ಟಿತ್ತು.

"ನೋಡಿ, ಇದು ನಿಮ್ಮ 'ಏನೂ ಇಲ್ಲ'."

ಈಗ ದಯಾನಂದ ಚಮಚೆಯ ತುದಿಯನ್ನಷ್ಟೇ ನಾಲಿಗೆಗೆ ಮುಟ್ಟಿಸುತ್ತಾನೆ. ರಾತ್ರಿ ಮನೆಯಲ್ಲಿ ಕುಳಿತು ನೆಮ್ಮದಿಯಾಗಿ ಅನ್ನವನ್ನೂ ಉಣ್ಣುತ್ತಾನೆ. ಆರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದಿದ್ದಾನೆ. ಸಾಂಬಾರಿನ ಉಪ್ಪು ಮಾತ್ರ ಒಂದು ದಿನವೂ ತಪ್ಪಿಲ್ಲ.